ವಿಟಮಿನ್ ಇ ತಿಂದರೆ ಲಿವರ್ ಬೇರೆ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತಾ?

ಮಾತ್ರೆಡಬ್ಬಿ:
ಅಪ್ಪನಿಗೆ 71. ಎದೆಬಡಿತದ ತಾಳ ತಪ್ಪಿದೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್. ವಾರದ ಡಬ್ಬಿ ತುಂಬಿಸುವುದು ನಾನು. ಮೊನ್ನೆ ನೋಡಿದರೆ ಪ್ರತಿ ಗೂಡಿನಲ್ಲೂ ನಾನು ಹಾಕದ ಒಂದು ಮೆತ್ತನೆಯ ಹಸಿರು ಕ್ಯಾಪ್ಸೂಲ್! ವಿಟಮಿನ್ ಇ, 400 ಯೂನಿಟ್. ಕಾಲಿನ ಸೆಳೆತಕ್ಕೆ ಒಳ್ಳೆಯದು ಅಂತ ವಾಕಿಂಗ್ ಗೆಳೆಯರು ಹೇಳಿದರಂತೆ. ಎರಡು ವಾರದಿಂದ ನಡೆದಿದೆ. ಕೇಳಿದರೆ "ವಿಟಮಿನ್ ತಾನೇ" ಅಂತಾರೆ.

ಇದು ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ, ಬೇರೆ ಔಷಧಿ ಬೇಗ ಖಾಲಿಯಾಗುವಂತೆ ಮಾಡುತ್ತದೆ ಅಂತ ಓದಿದೆ. ವಾರ್ಫರಿನ್ ಡೋಸ್ ಜಾಸ್ತಿ ಮಾಡಬೇಕಾ?

ಕೌಂಟರ್ ಹಿಂದಿನವನು:
ಅಯ್ಯೋ, ಡೋಸ್ ಮುಟ್ಟಬೇಡಿ! ನೀವು ಹೆದರುತ್ತಿರುವ ದಿಕ್ಕೇ ಉಲ್ಟಾ.

ನೀವು ಓದಿದ್ದು ಸುಳ್ಳಲ್ಲ. ಲಿವರ್ ಜೀವಕೋಶದಲ್ಲಿ ಪಿಎಕ್ಸ್‌ಆರ್ ಅನ್ನುವ ಒಂದು ಗ್ರಾಹಕವಿದೆ. ಹೊರಗಿನ ವಸ್ತು ಅದಕ್ಕೆ ಅಂಟಿದರೆ ಔಷಧಿಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವ ಜಾಸ್ತಿ ತಯಾರಾಗುತ್ತದೆ. ಟಿಬಿ ಮಾತ್ರೆ ರಿಫಾಂಪಿಸಿನ್ ಮಾಡುವುದು ಇದನ್ನೇ. ಪ್ರಯೋಗಾಲಯದ ಜೀವಕೋಶಗಳಲ್ಲಿ ವಿಟಮಿನ್ ಇ ಕೂಡ ಅಲ್ಲಿಗೆ ಅಂಟುತ್ತದೆ, ಅದರಲ್ಲೂ ಟೊಕೊಟ್ರೈನಾಲ್ ಬಗೆ. ಇಲಿಗಳಲ್ಲೂ ಸ್ವಲ್ಪ ಕಂಡಿದೆ. ಆದರೆ ಮನುಷ್ಯರಿಗೆ ಆಲ್ಫಾ ಟೊಕೊಫೆರಾಲ್ (ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ವಿಟಮಿನ್ ಇ ಬಗೆ) ಕೊಟ್ಟು, ಇದೇ ಕಿಣ್ವ ಒಡೆಯುವ ಮಿಡಾಜೊಲಾಮ್ ಔಷಧಿಯಿಂದ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಲ್ಯಾಬಿನ ಪ್ಲೇಟಿನಲ್ಲಿ ನಡೆದದ್ದೆಲ್ಲ ಹೊಟ್ಟೆಯಲ್ಲಿ ನಡೆಯಲ್ಲ, ಅಲ್ವಾ?

ನಿಮ್ಮ ಅಪ್ಪನ ವಿಷಯದಲ್ಲಿ ನಿಜವಾದ ಚಿಂತೆ ವಿಟಮಿನ್ ಕೆ. ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ತಯಾರಾಗಲು ಕೆ ಬೇಕು. ವಾರ್ಫರಿನ್ ತಡೆಯುವುದು ಅದನ್ನೇ. ಇ ಜಾಸ್ತಿಯಾದರೆ ಅದೂ ಕೆ ಕೆಲಸಕ್ಕೆ ಅಡ್ಡ ಬರಬಹುದು. ಹಾಗಾಗಿ ವಾರ್ಫರಿನ್ ಸೋಲುವುದಿಲ್ಲ, ಅದರ ಜೊತೆ ಇನ್ನೊಂದು ಕೈ ಸೇರುತ್ತದೆ. ಅಪಾಯ ರಕ್ತಸ್ರಾವದ್ದು. ಬೇಗ ಐಎನ್‌ಆರ್ ಮಾಡಿಸಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ; ಅಂಕಿ ಏರಿದಷ್ಟೂ ರಕ್ತಸ್ರಾವದ ಅಪಾಯ ಜಾಸ್ತಿ), ಕ್ಯಾಪ್ಸೂಲ್ ವಿಷಯ ಡಾಕ್ಟರಿಗೆ ಹೇಳಿ.

ಸುಮ್ನೆ ಓದುವವಳು:
ಹಾಗಾದರೆ ಬಾದಾಮಿ, ಸೂರ್ಯಕಾಂತಿ ಎಣ್ಣೆ ಕೂಡ ಬಿಡಬೇಕಾ?

ಕೌಂಟರ್ ಹಿಂದಿನವನು:
ಬೇಡ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 15 ಮಿಲಿಗ್ರಾಂ. 400 ಯೂನಿಟ್ ಅಂದರೆ ಕೃತಕವಾದದ್ದು 180, ನೈಸರ್ಗಿಕವಾದದ್ದು 268 ಮಿಲಿಗ್ರಾಂ. ಊಟದಲ್ಲಿ ಅಷ್ಟು ಸೇರಲ್ಲ.

ಇನ್ನೊಂದು ಮಾತು. ಅಟೋರ್ವಾಸ್ಟಾಟಿನ್‌ನಿಂದಲೂ ಕೆಲವರಿಗೆ ಸ್ನಾಯು ನೋವು, ಸೆಳೆತ ಬರುತ್ತದೆ. ಅದನ್ನೂ ಕೇಳಿ.

ಮಾತ್ರೆಡಬ್ಬಿ:
ಹೋಗಿ ಬಂದೆವು. ಐಎನ್‌ಆರ್ 3.8! ಹೋದ ಸಲ 2.4 ಇತ್ತು, ಅವರಿಗೆ 2ರಿಂದ 3ರೊಳಗೆ ಇರಬೇಕು. "ಹೊಸದಾಗಿ ಏನಾದರೂ ತಗೊಳ್ತಿದ್ದೀರಾ?" ಅಂತ ನರ್ಸ್ ಕೇಳಿದರೆ ಅಪ್ಪ ಧೈರ್ಯವಾಗಿ "ಏನೂ ಇಲ್ಲ" ಅಂದರು. ಅವರ ಲೆಕ್ಕದಲ್ಲಿ ವಿಟಮಿನ್ ಔಷಧಿಯಲ್ಲವಲ್ಲ! ನಾನು ಕ್ಯಾಪ್ಸೂಲ್ ಸ್ಟ್ರಿಪ್ ಮೇಜಿನ ಮೇಲಿಟ್ಟೆ.

ಇದೊಂದೇ ಕಾರಣ ಅಂತ ಡಾಕ್ಟರ್ ಹೇಳಲಿಲ್ಲ, ಆದರೆ ವಿಟಮಿನ್ ಇ ನಿಲ್ಲಿಸಿದ್ದಾರೆ. ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಸೆಳೆತಕ್ಕೆ, ಸ್ನಾಯುಗಳಿಗೆ ಹಾನಿಯಾಗಿದೆಯಾ ಅಂತ ನೋಡುವ ಸಿಕೆ ಪರೀಕ್ಷೆಯನ್ನೂ ಬರೆದಿದ್ದಾರೆ. ಅಪ್ಪ ಮಾತ್ರ ಉಳಿದ ಕ್ಯಾಪ್ಸೂಲ್‌ಗಳನ್ನು ಪಿನ್ನಿನಿಂದ ಚುಚ್ಚಿ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದಾರೆ.