ಪೇಟೆಗೆ ಬಂದರೆ ಮಲೇರಿಯಾ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಬೆಳ್ತಂಗಡಿ ಕಡೆಯ ತೋಟದ ಮನೆಯಿಂದ ಮುಂದಿನ ತಿಂಗಳು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿಗೆ ಬರುತ್ತಿದ್ದೇವೆ. ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿದೆ. ಪೇಟೆಯಲ್ಲಿ ಮಲೇರಿಯಾ ಜಾಸ್ತಿ ಎಂದು ಅತ್ತೆಯವರಿಗೆ ಹೆದರಿಕೆ. ತೋಟದ ಕೆರೆ, ಹೊಂಡಗಳ ನಡುವೆ ಬಾರದ ಜ್ವರ ಐದನೆಯ ಮಹಡಿಗೆ ಬರುವುದುಂಟೆ?

ಉತ್ತರ 1: ಅತ್ತೆಯವರ ಹೆದರಿಕೆಯಲ್ಲಿ ಹುರುಳಿದೆ. ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಬಾವಿ, ಓವರ್‌ಹೆಡ್ ಟ್ಯಾಂಕುಗಳ ತಿಳಿನೀರನ್ನೇ ಹುಡುಕಿಕೊಂಡು ಹೋಗುತ್ತದೆ. ಹೊಸ ಸ್ಲ್ಯಾಬ್ ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ಒಂದೆರಡು ವಾರ ನೀರು ನಿಲ್ಲಿಸುತ್ತಾರಲ್ಲ, ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಅಷ್ಟು ಸಮಯ ಧಾರಾಳ ಸಾಕು. (ನಿಮ್ಮ ಊರಿನ ರಬ್ಬರ್ ತೋಟದ ಗೆರಟೆಗಳಲ್ಲಿ ಹುಟ್ಟುವುದು ಡೆಂಗಿಯ ಸೊಳ್ಳೆ, ಅದರ ಲೆಕ್ಕವೇ ಬೇರೆ.) ನಮ್ಮ ವಠಾರದಲ್ಲಿ ಮೂವರು ಮಲೇರಿಯಾದಿಂದ ಮಲಗಿದ ಮೇಲೆ ತಾರಸಿ ಹತ್ತಿ, ಮುಚ್ಚಳ ಒಡೆದಿದ್ದ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದೆವು. ಮರಿಗಳು ಬೇರೆ ಸೊಳ್ಳೆಗಳ ಮರಿಗಳಂತೆ ತಲೆಕೆಳಗಾಗಿ ನೇತಾಡದೆ, ಸಣ್ಣ ಕಡ್ಡಿಗಳ ಹಾಗೆ ನೀರಿನ ಮೇಲ್ಮೈಗೆ ಅಡ್ಡಲಾಗಿ ಮಲಗಿದ್ದವು. ಅನಾಫಿಲಿಸ್‌ನ ಗುರುತು ಅದೇ. ಫ್ಲ್ಯಾಟಿನ ಬಣ್ಣ, ಟೈಲ್ಸ್ ಆಮೇಲೆ ನೋಡಿ. ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಈ ಸೊಳ್ಳೆ ಕಚ್ಚುವುದು ಸಂಜೆಯಿಂದಾಚೆಗೆ, ಆದ್ದರಿಂದ ಕಿಟಕಿಗೆ ಬಲೆ, ಮಲಗುವಾಗ ಪರದೆ ಬೇಕೇ ಬೇಕು.

ಉತ್ತರ 2: ನನ್ನದು ಸ್ವಯಂಕೃತಾಪರಾಧ. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ಬಂತು. ಮೂರು ದಿನದ ಕ್ಲೋರೋಕ್ವಿನ್ ಮುಗಿಯುವಷ್ಟರಲ್ಲಿ ಜ್ವರ ಇಳಿಯಿತು; 14 ದಿನ ನುಂಗಬೇಕಿದ್ದ ಪ್ರೈಮಾಕ್ವಿನನ್ನು ಐದಕ್ಕೇ ನಿಲ್ಲಿಸಿದೆ. ವೈವಾಕ್ಸ್‌ನ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಅಡಗಿದ್ದು ಮತ್ತೆ ಏಳಬಲ್ಲದು, ಅದನ್ನು ಅಲ್ಲಿಂದ ಕೀಳುವುದು ಆ ಮಾತ್ರೆಯೇ ಎಂಬುದು ಎರಡನೆಯ ಸಲ ನಡುಗುತ್ತಾ ಮಲಗಿದಾಗ ತಿಳಿಯಿತು. ಆಗ ಮನೆಯವಳು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿ ನುಂಗಿಸಿದಳು. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕೊರತೆ ಇದ್ದವರಿಗೂ ಗರ್ಭಿಣಿಯರಿಗೂ ಪ್ರೈಮಾಕ್ವಿನ್ ಸಲ್ಲದು. ವೈದ್ಯರಿಗೆ ಮೊದಲೇ ಹೇಳಬೇಕು.

ಉತ್ತರ 3: ನಾನು ಉಡುಪಿಯವಳು. ಮಂಗಳೂರಿನಿಂದ ರಜೆಗೆ ಬಂದ ಮಗನ ಜ್ವರವನ್ನು ಮಳೆಯಲ್ಲಿ ನೆನೆದದ್ದೆಂದು ತಿಳಿದು ನಾಲ್ಕು ದಿನ ಕಷಾಯ ಕುಡಿಸಿದೆ; ಕೊನೆಗೆ ನೋಡಿದರೆ ಅದು ಮಲೇರಿಯಾ. ನೀವು ಊರಿಗೆ ಹೋದಾಗ ಜ್ವರ ಬಂದರೆ, ಮಂಗಳೂರಿನಲ್ಲಿ ವಾಸವೆಂದು ಊರಿನ ಡಾಕ್ಟರರಿಗೆ ತಿಳಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.