ಸತ್ತು ಮತ್ತೆ ಎದ್ದು ಬರೋದನ್ನ ಕತೆ ಒಪ್ಪಿಕೊಳ್ಳುವ ಗೇಮ್‌ಗಳು ಇನ್ಯಾವುವು?

ಪ್ರಶ್ನೆ:
2020ರ ಹೇಡೀಸ್ ಈಗ ಆಡುತ್ತಿದ್ದೇನೆ. ನಿನ್ನೆ ರಾತ್ರಿ ಮೆಗೇರಾ ಅನ್ನೋ ಎದುರಾಳಿಯ ಕೈಯಲ್ಲಿ ಮೂರನೇ ಸಲ ಸತ್ತೆ. ನಾನು ಆಡಿಸುವ ನಾಯಕ ಝಾಗ್ರಿಯಸ್ ರಕ್ತದ ಕೊಳದಿಂದ ಎದ್ದು, ಮೈ ಕೊಡವಿಕೊಂಡು ಮನೆಯೊಳಗೆ ನಡೆದ. ಎದುರಿಗೇ ನಿದ್ದೆಗಣ್ಣಿನ ನಿದ್ರಾದೇವ ಹಿಪ್ನೋಸ್. ಯಾರ ಕೈಯಲ್ಲಿ ಸತ್ತೆ ಅಂತ ಪಟ್ಟಿ ನೋಡಿ ಹೇಳಿದ! ಪಾತಾಳದ ರಾಜಕುಮಾರ ಸತ್ತರೆ ಮನೆಗೇ ಬರಬೇಕು, ಅಲ್ವಾ? ಬೇರೆ ಗೇಮ್‌ಗಳಲ್ಲಿ ನಾನು ಐವತ್ತು ಸಲ ಸತ್ತಿದ್ದು ಕತೆಗೆ ಗೊತ್ತೇ ಇರುವುದಿಲ್ಲ. ಅದು ನನಗೆ ತುಂಬಾ ಕಾಡುತ್ತದೆ.

ಉತ್ತರ 1:
2003ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್ ಆಡಿ. ಇಡೀ ಆಟ ರಾಜಕುಮಾರ ಹೇಳುತ್ತಿರುವ ಕತೆ. ನೀವು ಕೆಳಗೆ ಬಿದ್ದು ಸತ್ತರೆ, "ಇಲ್ಲ, ಹಾಗಾಗಲಿಲ್ಲ" ಅಂತ ತಾನೇ ತಿದ್ದಿಕೊಳ್ಳುತ್ತಾನೆ. ಯಾರಿಗೆ ಹೇಳುತ್ತಿದ್ದಾನೆ ಅನ್ನೋದು ಕೊನೆಗೇ ತಿಳಿಯಲಿ.

ಉತ್ತರ 2:
ಕಾರಣ ಕೊಟ್ಟರಷ್ಟೇ ಸಾಲದು. ಬಯೋಶಾಕ್‌ನಲ್ಲಿ (2007) ವೀಟಾ ಚೇಂಬರ್ ಅನ್ನೋ ಯಂತ್ರ ಇದೆ, ಅದು ಯಾಕೆ ನಮ್ಮನ್ನು ಬದುಕಿಸುತ್ತದೆ ಅನ್ನೋದಕ್ಕೂ ಕತೆಯಲ್ಲಿ ಉತ್ತರವಿದೆ. ಆದರೆ ಬಿಗ್ ಡ್ಯಾಡಿ ಅನ್ನೋ ದೈತ್ಯ ಶತ್ರುವಿಗೆ ಬಿದ್ದ ಏಟು ಹಾಗೇ ಉಳಿಯುತ್ತದೆ. ಸತ್ತು ಸತ್ತು ಬಂದು ಹೊಡೆದರೆ ಗೆದ್ದೇ ಬಿಡುತ್ತೀರಿ. ನನಗಂತೂ ಭಯವೇ ಹೋಯಿತು.

ಉತ್ತರ 3:
ಔಟರ್ ವೈಲ್ಡ್ಸ್! 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ. ಮತ್ತೆ ಅದೇ ಬೆಂಕಿಯ ಪಕ್ಕ ಕಣ್ಣು ಬಿಡುತ್ತೀರಿ. ಕೈಯಲ್ಲಿ ಏನೂ ಉಳಿಯಲ್ಲ, ತಿಳಿದುಕೊಂಡಿದ್ದು ಮಾತ್ರ ಉಳಿಯುತ್ತದೆ. ದಯವಿಟ್ಟು ಬೇರೇನೂ ಓದದೆ ಶುರುಮಾಡಿ.

ಪ್ರಶ್ನೆ ಕೇಳಿದವರು:
ಇವತ್ತು ರಾತ್ರಿಯೇ ಡೌನ್‌ಲೋಡ್‌ಗೆ ಹಾಕುತ್ತೇನೆ. ಅಂದಹಾಗೆ, ಮೆಗೇರಾ ಈಗ ನಮ್ಮ ಮನೆಯ ಲೌಂಜ್‌ನಲ್ಲೇ ಕೂತಿದ್ದಾಳೆ. ಮಾತಾಡಿಸಿ ಬರುತ್ತೇನೆ.