ಸಹಾಯ ಬೇಕು: ಫೋನ್ ಸೌಂಡ್ ಬಗ್ಗೆ ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊಬೈಲ್ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಕನ್ನಡ ಬಾರದ ಗಿರಾಕಿಗಳೂ ಬರುತ್ತಾರೆ. ‘ಪುಟ್ ಇಟ್ ಆನ್ ಸೈಲೆಂಟ್’, ‘ಟರ್ನ್ ಅಪ್ ದ ವಾಲ್ಯೂಮ್’, ಇಷ್ಟು ಬರುತ್ತದೆ. ಆಮೇಲೆ ತಡವರಿಕೆ.

ನಿನ್ನೆ ಒಬ್ಬರ ಫೋನ್ ರಿಂಗೇ ಆಗುತ್ತಿರಲಿಲ್ಲ. ಯೂಟ್ಯೂಬ್ ಮಾತ್ರ ಜೋರಾಗಿ ಕೇಳುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಮೀಡಿಯಾ, ರಿಂಗ್, ಅಲಾರಂ ಎಲ್ಲಕ್ಕೂ ಬೇರೆ ಬೇರೆ ವಾಲ್ಯೂಮ್ ಅಲ್ವಾ, ರಿಂಗ್‌ದು ಪೂರ್ತಿ ಕಮ್ಮಿಯಾಗಿತ್ತು. ಬೆರಳಲ್ಲಿ ಎಳೆದು ಜಾಸ್ತಿ ಮಾಡಿಕೊಟ್ಟೆ, ಬಾಯಲ್ಲಿ ವಿವರಿಸಲು ಆಗಲಿಲ್ಲ. ಅದನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳಲಿ?

ಇನ್ನೊಂದು, ಮ್ಯೂಟ್, ಸೈಲೆಂಟ್, ಡು ನಾಟ್ ಡಿಸ್ಟರ್ಬ್ ಇವುಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕು? ‘ಸೌಂಡ್ ಈಸ್ ಲೆಸ್’ ಅನ್ನುತ್ತೇವಲ್ಲ, ಅದು ನಡೆಯುತ್ತಾ?

ಗ್ರಾಮರ್ ಪಾಠ ಬೇಡ ಸ್ವಾಮಿ. ಕೌಂಟರ್‌ನಲ್ಲಿ ನಿಂತು ಹೇಳುವಂಥ ಪೂರ್ತಿ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ಕಳಿಸಿ.